ಅಳತೆಗೆ ಹೊಲಿದ ಗಾಡಿ

ನಮ್ಮ ಭಾವ ನಿದ್ದೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾರೆ. ಮುಖ ಶಾಂತವಾಗಿರುತ್ತದೆ, ಉಸಿರು ಮಗುವಿನ ಉಸಿರಿನ ಹಾಗೆ ಹೋಗಿ ಬಂದು ಮಾಡುತ್ತಿರುತ್ತದೆ, ಕೈಗಳೆರಡೂ ಎದೆಯ ಮೇಲೆ ತೆಪ್ಪಗಿರುತ್ತವೆ. ಬಲಗಾಲು ಮಾತ್ರ ಮೊಣಕಾಲಿನಿಂದ ಕೆಳಗೆ ಒಂದೇ ಸಮನೆ ದುಡಿಯುತ್ತದೆ. ಇಪ್ಪತ್ಮೂರು ವರ್ಷ ಪೆಡಲ್ ತುಳಿದ ಕಾಲು ಅದು. ಅಂಗಡಿಗೆ ಮೋಟಾರಿನ ಯಂತ್ರ ಬಂದು ಎಂಟು ವರ್ಷವಾಯಿತು. ಆ ಸುದ್ದಿ ಕಾಲಿಗೆ ಇನ್ನೂ ಮುಟ್ಟಿಲ್ಲ.

ಬಸ್ ನಿಲ್ದಾಣಕ್ಕೆ ಇಳಿಯುವ ಬೀದಿಯಲ್ಲಿ ಅವರದು ಒಂದೇ ಬಾಗಿಲಿನ ಟೈಲರ್ ಅಂಗಡಿ. ಅದರ ಹಿಂದೆಯೇ ಮನೆ. ಇಂಚು ಮಾಸ್ಟರ್ ಎಂದರೆ ಎಲ್ಲರಿಗೂ ಗೊತ್ತು. ಯಾರು ಎದುರಾದರೂ ಭಾವನ ಕಣ್ಣು ಮೊದಲು ಹೋಗುವುದು ಭುಜಕ್ಕೆ, ಆಮೇಲೆ ತೋಳಿಗೆ, ಪುರುಸೊತ್ತಿದ್ದರೆ ಮುಖಕ್ಕೆ. ಹೆಸರು ಅವರ ತಲೆಯಲ್ಲಿ ನಿಲ್ಲುವುದಿಲ್ಲ. "ಅವರೇ ಕಣಪ್ಪಾ, ಎಡಭುಜ ಅರ್ಧ ಇಂಚು ಇಳಿದಿದೆಯಲ್ಲ, ಅವರು ಹೋಗಿಬಿಟ್ರಂತೆ" ಎಂದು ಸಾವಿನ ಸುದ್ದಿ ಹೇಳುತ್ತಾರೆ. ಸತ್ತವರು ಯಾರೆಂದು ನಾವು ಕಂಡುಹಿಡಿದುಕೊಳ್ಳಬೇಕು. ನಾನು ಅವರ ಹೆಂಡತಿಯ ತಮ್ಮ, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು, ಎದುರು ಮನೆಯಲ್ಲೇ ಇರುವವನು. ಅವರು ಮಾಸ್ಟ್ರು, ನಾನು ಮೇಷ್ಟ್ರು. ಬೀದಿಯಲ್ಲಿ ಯಾರಾದರೂ ಸ್ವಲ್ಪ ಅಸ್ಪಷ್ಟವಾಗಿ ಕೂಗಿದರೆ ಇಬ್ಬರೂ ಹೊರಗೆ ಬಂದು ನಿಲ್ಲುತ್ತೇವೆ.

ಅಕ್ಕ ಬಸ್ ನಿಲ್ದಾಣದ ಮೈಕಿನಲ್ಲಿ ಮಾತಾಡುವವಳು. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಿಂದ ಯಾವ ಊರಿಗೆ ಹೊರಡುತ್ತದೆ ಎಂದು ಇಪ್ಪತ್ತಾರು ವರ್ಷದಿಂದ ಹೇಳುತ್ತಿದ್ದಾಳೆ. ಮನೆಯಲ್ಲಿ ಮಾಮೂಲಿ ದನಿ. ಕೋಪ ಬಂದರೆ ಮಾತ್ರ ಮೈಕಿನ ದನಿ. "ಗಮನಿಸಿ. ಒದ್ದೆ ಟವೆಲ್ಲು ಹಾಸಿಗೆಯ ಮೇಲೆ ಬಿದ್ದಿದೆ. ಸಂಬಂಧಪಟ್ಟವರು ಕೂಡಲೇ ಬಂದು ತೆಗೆಯಬೇಕಾಗಿ ವಿನಂತಿ." ಭಾವ ಎದ್ದು ಹೋಗಿ ತೆಗೆಯುತ್ತಾರೆ.

ದಿನಕ್ಕೆ ಅಷ್ಟೊಂದು ಊರಿಗೆ ಜನರನ್ನು ಕಳಿಸುವ ಅಕ್ಕ ತಾನು ಮಾತ್ರ ಎಲ್ಲಿಗೂ ಹೋದವಳಲ್ಲ. ಅದಕ್ಕೆ ಕಾರಣ ಭಾವನ ಕಾಲು. ಮದುವೆಯಾದ ಹೊಸದರಲ್ಲಿ ಗಂಡಹೆಂಡತಿ ನಮ್ಮ ಚಿಕ್ಕಪ್ಪನ ಮನೆಗೆ ಹೋಗಿ ಉಳಿದುಕೊಂಡಿದ್ದರು. ಬೆಳಗಾಗುವ ಹೊತ್ತಿಗೆ ಅವರ ಮಂಚ ಕೋಣೆಯನ್ನು ದಾಟಿಕೊಂಡು ಬಂದು ಬಾಗಿಲಿಗೆ ಅಡ್ಡವಾಗಿ ನಿಂತಿತ್ತು. ಬಾಗಿಲು ಒಳಮುಖವಾಗಿ ತೆರೆಯುವಂಥದ್ದು. ಒಳಗಿದ್ದವರು ಎದ್ದು ಮಂಚ ಸರಿಸಬೇಕೆಂದರೆ ಅದರ ಕಾಲು ನೆಲದ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು. ಚಿಕ್ಕಪ್ಪ ಕಿಟಕಿಯಿಂದ ಚಹಾ ಕೊಟ್ಟು, ಬಡಗಿಯನ್ನು ಕರೆಸಿದರು. ಮುಂದಿನ ವರ್ಷ ಬರುತ್ತೇವೆ ಎಂದು ಅಕ್ಕ ಬರೆದಾಗ, ಮನೆ ರಿಪೇರಿ ನಡೆಯುತ್ತಿದೆ ಎಂದು ಉತ್ತರ ಬಂತು. ಆ ರಿಪೇರಿ ಇವತ್ತಿನವರೆಗೂ ನಡೆಯುತ್ತಲೇ ಇದೆ. ಒಮ್ಮೆ ಲಾಡ್ಜಿನಲ್ಲಿ ಉಳಿದರು. ಕೆಳಗಿನ ಕೋಣೆಯವರು, ಮೇಲುಗಡೆ ಯಾರೋ ಪರವಾನಗಿ ಇಲ್ಲದೆ ಕಾರ್ಖಾನೆ ನಡೆಸುತ್ತಿದ್ದಾರೆ ಎಂದು ದೂರು ಕೊಟ್ಟರು.

ಮನೆಯಲ್ಲಾದರೂ ಅಕ್ಕನಿಗೆ ಸುಖವಿರಲಿಲ್ಲ. ಮಂಚ ಕಿರುಗುಡುತ್ತಿತ್ತು. ಎಣ್ಣೆ ಬಿಟ್ಟರು, ಮೊಳೆ ಹೊಡೆದರು, ನೆಲದ ಮೇಲೆ ಮಲಗಿದರು. ನೆಲದ ಮೇಲೆ ಹಿಮ್ಮಡಿಯ ಸದ್ದು ಬೇರೆ. ಅಕ್ಕ ಕಿವಿಗೆ ಹತ್ತಿ ತುರುಕಿಕೊಂಡು, ಅರ್ಧ ಗಂಟೆ, ಮುಕ್ಕಾಲು ಗಂಟೆಯಂತೆ ನಿದ್ದೆಯನ್ನು ಚೂರುಚೂರಾಗಿ ಮಾಡುತ್ತಿದ್ದಳು. ಅವಳಿಗೆ ಒಂದೇ ಆಸೆಯಿತ್ತು: ಆರು ಗಂಟೆ ದಾರಿಯ ದೊಡ್ಡ ಕೆರೆ ನೋಡಬೇಕು, ಎರಡು ದಿನ ಅಲ್ಲೇ ಇರಬೇಕು. ಆ ಊರಿಗೆ ದಿನಕ್ಕೆ ಮೂರು ಬಸ್ಸು. ಮೂರನ್ನೂ ಅವಳೇ ಹೊರಡಿಸುತ್ತಿದ್ದಳು.

ಹೀಗಿರುವಾಗ, ತೋಳು ಗಿಡ್ಡ ಮಾಡಿಕೊಡಿ ಎಂದು ಒಬ್ಬರು ವಯಸ್ಸಾದ ಗಿರಾಕಿ ಕೋಟು ಕೊಟ್ಟು ಹೋದರು. ಒಳಜೇಬಿನಲ್ಲಿ ಯಾವುದೋ ಹಳೆಯ ಪರದೇಶದ ಪತ್ರಿಕೆಯ ಹಾಳೆ ಮಡಚಿಟ್ಟಿತ್ತು. ಭಾವ ಗಿರಾಕಿಗಳ ಜೇಬಿನ ವಸ್ತು ಮುಟ್ಟುವವರಲ್ಲ. ಲಕೋಟೆಗೆ ಹಾಕಿ, ಮೇಲೆ ಅಳತೆ ಬರೆದು, ಬಟ್ಟೆಯ ಜೊತೆಗೇ ವಾಪಸು ಕೊಡುತ್ತಾರೆ. ಆ ಹಾಳೆಯನ್ನೂ ಕೊಟ್ಟರು. ಆದರೆ ಅದಕ್ಕೆ ಮೊದಲು ನನ್ನನ್ನು ಕೂಗಿದರು.

"ಮೇಷ್ಟ್ರೇ, ಇದೇನು ಹೇಳು ನೋಡೋಣ."

"ಕಾರಿನ ಹಿಂದೆ ಏನೋ ದೊಡ್ಡ ಮೊಟ್ಟೆ ಕಟ್ಟಿದಾರೆ."

"ಮೊಟ್ಟೆ ಅಲ್ಲಪ್ಪಾ. ಕಣ್ಣೀರಿನ ಹನಿ ಮಲಗಿಸಿದ ಹಾಗಿಲ್ವಾ? ಮುಂದೆ ದುಂಡಗೆ, ಹಿಂದೆ ಇಳಿಜಾರು. ಒಳಗೆ ಇಬ್ರು ಮಲಗಬಹುದು. ಹಿಂದಿನ ಮುಚ್ಚಳ ಎತ್ತಿದ್ರೆ ಅಡುಗೆಮನೆ. ಯಾರ ಮನೆ ಬಾಗಿಲೂ ತಟ್ಟಬೇಕಾಗಿಲ್ಲ."

"ಇದನ್ನೆಲ್ಲಿ ಮಾರ್ತಾರೆ?"

ಭಾವ ನನ್ನ ಮುಖ ನೋಡಿದರು. ರೆಡಿಮೇಡ್ ಎಂಬ ಮಾತು ಅವರ ಎದುರು ಯಾರೂ ಆಡುವುದಿಲ್ಲ. "ಹೊಲೀತೀನಿ" ಎಂದರು.

ಕಟ್ಟುತ್ತೇನೆ ಎನ್ನಲಿಲ್ಲ, ಮಾಡುತ್ತೇನೆ ಎನ್ನಲಿಲ್ಲ. ಅಲ್ಲಿಂದಲೇ ಎಲ್ಲ ಶುರುವಾಯಿತು.

ಮೊದಲ ಕೆಲಸ ಅಳತೆ. ಮರುದಿನ ಬೆಳಿಗ್ಗೆ ಆರೂವರೆಗೆ ಅಕ್ಕ ಕಣ್ಣು ಬಿಟ್ಟಾಗ ಟೇಪಿನ ಒಂದು ತುದಿ ಅವಳ ಮೊಣಕಾಲಿನ ಮೇಲಿತ್ತು, ಇನ್ನೊಂದು ತುದಿ ಬೆನ್ನಿನ ಹಿಂದೆ ಭಾವನ ಕೈಯಲ್ಲಿತ್ತು.

"ಏನ್ರೀ ಇದು? ನಾನಿನ್ನೂ ಬದುಕಿದೀನಿ!"

"ಅಲುಗಬೇಡ ಇವಳೇ. ಮಗ್ಗುಲಾಗಿ ಮಲಗಿದಾಗ ಎಷ್ಟು ಅಗಲ ಆಗ್ತೀಯ ಅಂತ ನೋಡ್ತಿದೀನಿ."

"ಅಗಲಾನಾ?"

"ಮೂವತ್ತೆರಡೂ ಮುಕ್ಕಾಲು."

ಎರಡು ದಿನ ಮನೆಯಲ್ಲಿ ಬರೀ ಪ್ರಕಟಣೆಗಳು ನಡೆದವು. ಮೂರನೆಯ ದಿನ, ಗಾಡಿ ಎಳೆದುಕೊಂಡು ಕೆರೆಯ ಹತ್ತಿರ ಹೋಗಬಹುದು ಎಂಬುದು ಅರ್ಥವಾದಾಗ, ಅಕ್ಕ ತಾನೇ ಮಗ್ಗುಲಾಗಿ ಮಲಗಿ, "ನೋಡಿ, ನಿಜವಾದ ಅಳತೆ ಇದು. ಅವತ್ತು ಹೊದಿಕೆ ಸೇರಿತ್ತು" ಎಂದಳು.

ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕಂಪಾಸು, ಸ್ಕೇಲು ಹಿಡಿದು ಮೂರು ಸಂಜೆ ಕೂತು ಆ ಬಾಗನ್ನು ಬರೆದೆ. ಭಾವ ನೋಡಿದ ತಕ್ಷಣ ನಕ್ಕರು. "ಇದಕ್ಕೆ ಮೂರು ದಿನ ಬೇಕಾ? ತೋಳಿನ ಮೇಲ್ಭಾಗ ಇದು." ಶರ್ಟಿನ ತೋಳು ಭುಜಕ್ಕೆ ಕೂಡುವ ಕಡೆಯ ಆಕಾರಕ್ಕೆ ಅವರ ಹತ್ತಿರ ಹಲಗೆಯ ಅಚ್ಚು ಇತ್ತು. ಅದನ್ನಿಟ್ಟು ಸೀಮೆಸುಣ್ಣದಿಂದ ಒಂದು ಗೆರೆ ಎಳೆದು ತೋರಿಸಿದರು. ನನ್ನ ಚಿತ್ರದ ಮೇಲೆ ಇಟ್ಟರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡೆ.

ಹೊಸ ಗಿರಾಕಿಗೆ ಕೋಟು ಹೊಲಿಯುವಾಗ ಭಾವ ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುತ್ತಾರೆ. ಗಾಡಿಗೂ ಹಾಗೇ ಮಾಡಿದರು. ಇಡೀ ಗಾಡಿಯನ್ನು ಕೋರಾ ಬಟ್ಟೆಯಲ್ಲಿ ಹೊಲಿದು, ನಡುಮನೆಯ ಫ್ಯಾನಿನ ಕೊಕ್ಕೆಗೆ ಹಗ್ಗ ಕಟ್ಟಿ ಇಳಿಬಿಟ್ಟರು. ಅಕ್ಕ ಅದರೊಳಗೆ ತೂರಿಕೊಂಡು ಮಲಗಿದಳು. ಭಾವ ಬಾಯಿ ತುಂಬ ಗುಂಡುಸೂಜಿ ಕಚ್ಚಿಕೊಂಡು ಸುತ್ತ ತಿರುಗಿದರು.

"ಎಲ್ಲಾದ್ರೂ ಬಿಗಿ ಇದೆಯಾ?"

"ಭುಜದ ಹತ್ರ."

"ಕೈ ಎತ್ತು."

ಬಟ್ಟೆಯ ಗಾಡಿಯ ಮೇಲೆ ಒಂದು ಉಬ್ಬು ಎದ್ದಿತು. ಭಾವ ಅಲ್ಲಿ ಸೂಜಿ ಚುಚ್ಚಿದರು. ಅದೇ ಹೊತ್ತಿಗೆ ಬೀದಿಯ ಇಸ್ತ್ರಿ ಅಂಗಡಿಯಾಕೆ ಬಟ್ಟೆಯ ಗಂಟು ಕೊಡಲು ಬಂದಳು. ಸೂರಿನಿಂದ ನೇತಾಡುವ ಬಿಳಿ ಚೀಲ, ಅದರಿಂದ ಹೊರಬಂದಿರುವ ಅಕ್ಕನ ಎರಡು ಪಾದ, ಸೂಜಿ ಹಿಡಿದ ಭಾವ: ಎಲ್ಲವನ್ನೂ ಒಮ್ಮೆ ನೋಡಿದಳು. ಆಕೆ ಬಟ್ಟೆಯ ಕೆಲಸದವಳಾದ್ದರಿಂದ ಅವಳಿಗೆ ಬೇರೆಯೇ ಚಿಂತೆ ಬಂತು. "ಮಾಸ್ಟ್ರೇ, ಇದನ್ನ ನನ್ನ ಹತ್ರ ತರಬೇಡಿ. ಇದಕ್ಕೆ ನನ್ನ ಟೇಬಲ್ ಸಾಲಲ್ಲ" ಎಂದು ಗಂಟು ಇಟ್ಟು ಹೋದಳು.

ಪ್ಲೈವುಡ್ ತಂದಾಗ ಒಂದು ಅನಾಹುತವಾಯಿತು. ಕತ್ತರಿಸುವ ಮೊದಲು ಯಾವ ಬಟ್ಟೆಯನ್ನಾದರೂ ನೀರಲ್ಲಿ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ ಎಂಬುದು ಭಾವ ಮೂವತ್ತೊಂದು ವರ್ಷದಿಂದ ತಪ್ಪದೆ ಪಾಲಿಸಿದ ನಿಯಮ. ಯಾರಿಗೂ ಹೇಳದೆ ನಾಲ್ಕು ಹಲಗೆಗಳನ್ನು ಹಿತ್ತಿಲ ತೊಟ್ಟಿಯಲ್ಲಿ ಎರಡು ದಿನ ನೆನೆಹಾಕಿದರು. ತೆಗೆದು ಬಿಸಿಲಿಗೆ ಆನಿಸಿಟ್ಟರೆ ಒಂದೊಂದು ಹಲಗೆಯೂ ಐದೈದು ಪದರವಾಗಿ ಬಿಚ್ಚಿಕೊಂಡಿತು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಭಾವ ಮಾತ್ರ ಒಂದೊಂದೇ ಪದರ ಎತ್ತಿ ಬೆಳಕಿಗೆ ಹಿಡಿದು, "ಎಷ್ಟು ಅಚ್ಚುಕಟ್ಟು ನೋಡು ಮೇಷ್ಟ್ರೇ. ನಡುವಿನ ಲೈನಿಂಗನ್ನ ಅಡ್ಡ ಎಳೆಯಲ್ಲಿ ಕೂರಿಸಿದಾರೆ. ಬಡಗಿಗಳಿಗೂ ಇದೆಲ್ಲ ಗೊತ್ತು ಅಂತಾಯ್ತು" ಎಂದು ತಲೆದೂಗಿದರು. ಎರಡನೆಯ ಸಲ ನೀರಿಗೆ ಜಗ್ಗದ ಪ್ಲೈವುಡ್ ತರಿಸಿದೆವು. ಅದನ್ನು ತೊಟ್ಟಿಯ ಕಡೆ ಬಿಡದ ಹಾಗೆ ಅಕ್ಕ ಕಾವಲು ಕೂತಳು.

ಕಬ್ಬಿಣದ ಚೌಕಟ್ಟು ಮಾಡಲು ಬೀದಿಯ ತುದಿಯ ವೆಲ್ಡರ್ ಒಪ್ಪಿಕೊಂಡ. ಆರಡಿ ಎರಡಿಂಚಿನ ಆಳು. ಗೇಟು, ಕಿಟಕಿಯ ಗ್ರಿಲ್ಲು ಮಾಡುವುದರಲ್ಲಿ ಎತ್ತಿದ ಕೈ. ಅವನ ಲೆಕ್ಕವೆಲ್ಲ ಅಡಿಯಲ್ಲಿ.

"ಉದ್ದ ಎಷ್ಟಿಡ್ಲಿ ಮಾಸ್ಟ್ರೇ?"

"ಸೊಂಟದವರೆಗೆ ನಲವತ್ತೊಂದು, ಸೊಂಟದಿಂದ ಕೆಳಗೆ ನಲವತ್ತೆರಡೂ ಕಾಲು."

"ಗಾಡಿಗೆ ಸೊಂಟ ಎಲ್ಲಿರತ್ತೆ?"

"ಚಕ್ರ ಇರೋ ಕಡೆ."

ವೆಲ್ಡರ್ ಬೀಡಿ ಆರಿಸಿದ. "ಅದೂ ಸರೀನೇ" ಎಂದ. ಆ ದಿನದಿಂದ ಅವನೂ ಆಕ್ಸೆಲ್ಲಿಗೆ ಬೆಲ್ಟು ಎನ್ನತೊಡಗಿದ. ಗುಜರಿಗೆ ಹೋಗಿದ್ದ ಒಂದು ಸಣ್ಣ ಕಾರಿನಿಂದ ಚಕ್ರ, ಪಟ್ಟಿ ಸ್ಪ್ರಿಂಗು, ಬ್ರೇಕು ಎಲ್ಲ ಬಿಚ್ಚಿ ತಂದ. ಮುಂದುಗಡೆಯ ಕೊಂಡಿಯ ಕೆಳಗೆ ಆಸ್ಪತ್ರೆಯ ಹಳೆಯ ಸ್ಟ್ರೆಚರಿನದೊಂದು ಪುಟ್ಟ ಚಕ್ರ ಕೂರಿಸಿದ. ಕಾರಿಗೆ ಕಟ್ಟದೆ ಇದ್ದಾಗ ಗಾಡಿಯ ಮೂಗು ಅದರ ಮೇಲೆ ನಿಲ್ಲುತ್ತದೆ.

ಗಾಡಿಗೆ ಎರಡು ಬಾಗಿಲು, ಎಡಕ್ಕೊಂದು, ಬಲಕ್ಕೊಂದು. ಚಿಲಕ ಬೇಡ, ಚಿಲಕ ಅಂದರೆ ಕೆಲಸ ಬಾರದವನು ಗುಂಡಿಯ ಬದಲು ಸೇಫ್ಟಿ ಪಿನ್ನು ಚುಚ್ಚಿದ ಹಾಗೆ ಎಂದರು ಭಾವ. ತಟ್ಟೆಯಗಲದ ಮರದ ಗುಂಡಿಗಳನ್ನು ಕಡೆಸಿ, ಬಾಗಿಲಿನ ಅಂಚಿಗೆ ದಪ್ಪ ಕ್ಯಾನ್ವಾಸು ಕೂರಿಸಿ, ಅದಕ್ಕೆ ಕಾಜಾ ಹಾಕಿದರು. ಹೆಂಗಸರ ಬಟ್ಟೆಯ ಗುಂಡಿ ಒಂದು ಕಡೆ, ಗಂಡಸರದು ಇನ್ನೊಂದು ಕಡೆ. ಹಾಗಾಗಿ ಎಡಗಡೆಯ ಬಾಗಿಲು ಲೇಡೀಸು, ಬಲಗಡೆಯದು ಜೆಂಟ್ಸು. ನಾನು ಒಮ್ಮೆ ಎಡಬಾಗಿಲಿನಿಂದ ಒಳಗೆ ಹೋಗಿದ್ದಕ್ಕೆ ಭಾವ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಹೊರಮೈಗೆ ಬೂದು ಬಣ್ಣದ ರೆಕ್ಸಿನ್, ಎರಡೆರಡು ಸಾಲು ಹೊಲಿಗೆ. ಒಳಗೆ ಕೋಟಿನ ರೇಷ್ಮೆಯಂಥ ಲೈನಿಂಗು. ಗೋಡೆಯ ತುಂಬ ಹದಿನೇಳು ಜೇಬು. ಏಳು ತಿಂಗಳಾದ ಮೇಲೆ ಒಂದು ಬುಧವಾರ ಭಾವ ಕೊನೆಯ ದಾರ ಕಚ್ಚಿ ತುಂಡರಿಸಿದರು. ಬಾಕಿ ಉಳಿದದ್ದು ಗಾಡಿಯನ್ನು ಅಲುಗದಂತೆ ನಿಲ್ಲಿಸುವ ನಾಲ್ಕು ಕಬ್ಬಿಣದ ಕಾಲು. ಅವು ವೆಲ್ಡರನ ಅಂಗಡಿಯಲ್ಲಿ ಬಣ್ಣ ಬಳಿಸಿಕೊಂಡು ಒಣಗುತ್ತಿದ್ದವು.

ಆ ದಿನ ಅಕ್ಕನಿಗೆ ವಾರದ ರಜೆ. ಮಧ್ಯಾಹ್ನ ಊಟವಾದ ಮೇಲೆ ಭಾವನಿಗೆ ತಡೆಯಲಾಗಲಿಲ್ಲ. "ಟ್ರಯಲ್ ನೋಡೇಬಿಡೋಣ. ಮೇಷ್ಟ್ರೇ, ಚಕ್ರಕ್ಕೆ ಇಟ್ಟಿಗೆ ಕೊಡು" ಎಂದರು. ಮನೆಯ ಮುಂದೆ ಬೀದಿಯ ಅಂಚಿಗೆ ಗಾಡಿ ನಿಲ್ಲಿಸಿ ಎರಡು ಚಕ್ರಕ್ಕೂ ಇಟ್ಟಿಗೆ ಕೊಟ್ಟೆ. ಅಕ್ಕ ಎಡಗಡೆಯಿಂದ, ಭಾವ ಬಲಗಡೆಯಿಂದ ಒಳಗೆ ಹೋಗಿ ಒಳಗಿನಿಂದ ಗುಂಡಿ ಹಾಕಿಕೊಂಡರು. ನಾನು ಎದುರಿನ ಜಗಲಿಯಲ್ಲಿ ಕೂತು ಒಂಬತ್ತನೇ ತರಗತಿಯ ಹೂಜಿಯ ಚಿತ್ರಗಳಿಗೆ ಅಂಕ ಹಾಕತೊಡಗಿದೆ. ಸುಮಾರು ಮೂರು ಗಂಟೆಗೆ ತಲೆ ಎತ್ತಿದರೆ ಗಾಡಿ ಇದ್ದ ಜಾಗದಲ್ಲಿ ಎರಡು ಇಟ್ಟಿಗೆ ಮಾತ್ರ ಇದ್ದವು.

ಎದ್ದು ಓಡಿದೆ. ಬಹಳ ದೂರ ಓಡಬೇಕಾಗಲಿಲ್ಲ. ಗಾಡಿ ಇಸ್ತ್ರಿ ಅಂಗಡಿಯ ಮುಂದೆ ಇತ್ತು. ನಿಂತಿರಲಿಲ್ಲ, ಹೋಗುತ್ತಿತ್ತು. ಒಳಗೆ ಭಾವನ ಕಾಲು ಒಂದು ಸಲ ತುಳಿದರೆ ಪಟ್ಟಿ ಸ್ಪ್ರಿಂಗು ಒಮ್ಮೆ ಕುಗ್ಗಿ ಏಳುತ್ತಿತ್ತು, ಗಾಡಿ ಎರಡು ಇಂಚು ಮುಂದೆ ಜರುಗುತ್ತಿತ್ತು. ವೆಲ್ಡರ್ ಬ್ರೇಕನ್ನು ಅರೆಬಿಗಿಯಾಗಿ ಬಿಟ್ಟಿದ್ದರಿಂದ ಅದಕ್ಕಿಂತ ಜೋರಾಗಿ ಇಳಿಯುವ ಹಾಗೂ ಇರಲಿಲ್ಲ, ಬೀದಿ ಇಳಿಜಾರಾದ್ದರಿಂದ ನಿಲ್ಲುವ ಹಾಗೂ ಇರಲಿಲ್ಲ. ಒಂದು ತುಳಿತಕ್ಕೆ ಎರಡು ಇಂಚು. ಇಸ್ತ್ರಿ ಅಂಗಡಿಯಾಕೆ ಆಗಲೇ ಹೊರಗೆ ಬಂದು ಅದರ ಪಕ್ಕದಲ್ಲಿ ಹೆಜ್ಜೆ ಹಾಕುತ್ತಿದ್ದಳು.

ನಾನು ಕೊಂಡಿ ಹಿಡಿದು ಕೂಗಲು ಬಾಯಿ ತೆರೆದೆ. ಅವಳು ಬಾಯಿಯ ಮೇಲೆ ಬೆರಳಿಟ್ಟಳು.

"ಕೇಳಿಸ್ಕೊಳ್ಳಿ" ಎಂದಳು ಪಿಸುದನಿಯಲ್ಲಿ.

ರೆಕ್ಸಿನ್ನಿಗೆ ಕಿವಿ ಹಚ್ಚಿದೆ. ಒಳಗೆ ಯಾರೋ ಗೊರಕೆ ಹೊಡೆಯುತ್ತಿದ್ದರು. ಭಾವ ಗೊರಕೆ ಹೊಡೆಯುವುದಿಲ್ಲ. ಅಕ್ಕ! ಗರಗಸ ಎಳೆದ ಹಾಗೆ, ನಿಶ್ಚಿಂತೆಯಿಂದ, ತುಂಬು ಗೊರಕೆ. ಸ್ಪ್ರಿಂಗಿನ ಮೇಲೆ ಸದ್ದಿಲ್ಲ, ಕಿರುಗುಟ್ಟುವುದಿಲ್ಲ. ಒಳಗಿದ್ದವರಿಗೆ ತೂಗಿದ ಹಾಗಾಗಿರಬೇಕು. ನಾನು ಅವಳ ತಮ್ಮ. ಅವಳು ಹೀಗೆ ಮಲಗಿದ್ದನ್ನು ನಾನು ಕೇಳಿದ್ದು ಅವಳ ಮದುವೆಗೆ ಮೊದಲು.

"ಎಬ್ಬಿಸಿದ್ರೆ ನಿಮಗೆ ಒಳ್ಳೇದಾಗಲ್ಲ ಮೇಷ್ಟ್ರೇ" ಎಂದಳು ಇಸ್ತ್ರಿಯಾಕೆ.

ನಿಲ್ಲಿಸಬಹುದಿತ್ತು. ಆ ಇಟ್ಟಿಗೆಗಳನ್ನು ತಂದು ಕೊಟ್ಟಿದ್ದರೆ ಸಾಕಿತ್ತು. ಆದರೆ ತುಳಿಯುವ ಕಾಲಿಗೆ ಗಾಡಿ ಜರುಗದಿದ್ದರೆ ಅದು ಕುಲುಕುತ್ತದೆ, ಕುಲುಕಿದರೆ ಅಕ್ಕ ಏಳುತ್ತಾಳೆ. ನಾನು ಕೊಂಡಿ ಹಿಡಿದು, ರಸ್ತೆಯ ಗುಂಡಿ ತಪ್ಪಿಸುತ್ತ, ಗಾಡಿಯನ್ನು ಬೀದಿಯ ನಡುವೆ ತಿರುಗಿಸಿಕೊಂಡು ಹಿಮ್ಮುಖವಾಗಿ ನಡೆಯತೊಡಗಿದೆ.

ಸ್ವಲ್ಪ ಹೊತ್ತಿಗೆ ಬೀದಿಯೇ ಸೇರಿತು. ಅಕ್ಕನಿಗೆ ನಿದ್ದೆಯಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಎದುರಿನಿಂದ ಬಂದ ಸ್ಕೂಟರಿನವನು ಹಾರ್ನಿಗೆ ಕೈ ಹಾಕಿದಾಗ ಆರು ಜನ ಒಟ್ಟಿಗೆ ಬಾಯಿಯ ಮೇಲೆ ಬೆರಳಿಟ್ಟರು. ಅವನು ಎಂಜಿನ್ ಆರಿಸಿ ತಳ್ಳಿಕೊಂಡು ಹೋದ. ಹಾಲಿನ ಅಂಗಡಿಯವನು ರೇಡಿಯೋ ನಿಲ್ಲಿಸಿದ. ವೆಲ್ಡರ್ ಓಡಿ ಬಂದು ಬ್ರೇಕಿಗೆ ಕೈ ಹಾಕಿದ. ಇಸ್ತ್ರಿಯಾಕೆ ಆ ಕೈ ಮೇಲೆ ಪಟ್ಟನೆ ಒಂದು ಏಟು ಕೊಟ್ಟಳು. ಆಮೇಲೆ ಅವನು ಬಗ್ಗಿ ಬಗ್ಗಿ ಚಕ್ರ ನೋಡುತ್ತ ಹಿಂದಿನಿಂದ ಬಂದ. "ಬೆಲ್ಟು ಒಂಚೂರೂ ಸದ್ದು ಮಾಡ್ತಿಲ್ಲ" ಎಂದು ಕಂಡಕಂಡವರಿಗೆಲ್ಲ ಪಿಸುಗುಟ್ಟಿದ. ನಾವು ಒಟ್ಟು ನಾನೂರು ಗಜ ನಡೆದೆವು. ಅದಕ್ಕೆ ಎರಡು ಗಂಟೆ ಹಿಡಿಯಿತು.

ಬೀದಿ ಮುಗಿಯುವುದು ಬಸ್ ನಿಲ್ದಾಣದ ಗೇಟಿನಲ್ಲಿ. ಗೇಟಿನಿಂದ ಒಳಗೂ ನೆಲ ಇಳಿಜಾರೇ. ಗಾಡಿ ನಿಧಾನವಾಗಿ ಒಳಗೆ ಹೋಗಿ ನಾಲ್ಕನೆಯ ಪ್ಲಾಟ್‌ಫಾರ್ಮಿನ ಅಂಚಿಗೆ ಮೂಗು ತಾಗಿಸಿ ನಿಂತಿತು. ಪ್ಲಾಟ್‌ಫಾರ್ಮಿನಲ್ಲಿ ಏನೇ ಬಂದು ನಿಂತರೂ ಜನ ಎದ್ದು ನಿಲ್ಲುತ್ತಾರೆ. ಚೀಲ ಹಿಡಿದ ಅಜ್ಜಿಯೊಬ್ಬಳು ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು.

"ಸೀಟಿದೆಯೇನಪ್ಪಾ?"

"ಇರೋದೇ ಎರಡು ಅಮ್ಮಾ. ಎರಡೂ ಭರ್ತಿ."

"ನಿಂತ್ಕೊಂಡೇ ಬರ್ತೀನಿ."

"ನಿಲ್ಲೋಕಾಗಲ್ಲಮ್ಮಾ, ಎತ್ತರ ನಾಲ್ಕೇ ಅಡಿ."

"ಕೂತ್ಕೋತೀನಿ ಬಿಡು" ಎಂದು ಅಜ್ಜಿ ಚೀಲವನ್ನು ಗಾಡಿಯ ಮುಂದಿನ ಕಬ್ಬಿಣದ ಮೇಲೆ ಇಟ್ಟೇಬಿಟ್ಟಳು. ಅವಳ ಹಿಂದೆ ಸಾಲು ಬೆಳೆಯಿತು.

ಅಷ್ಟರಲ್ಲಿ ನಿಲ್ದಾಣದ ಕಂಟ್ರೋಲರ್ ಬಂದರು. ಎದೆ ನಲವತ್ತು, ಹೊಟ್ಟೆ ನಲವತ್ನಾಲ್ಕು. ಅವರ ಸಮವಸ್ತ್ರ ಹೊಲಿದವರು ಭಾವನೇ.

"ಏನು ಮೇಷ್ಟ್ರೇ, ಇದು ಯಾವ ರೂಟಿಂದು?"

"ರೂಟಿಂದಲ್ಲ ಸಾರ್, ನಮ್ಮ ಭಾವಂದು. ಒಳಗೆ ಮಲಗಿದಾರೆ. ದಯವಿಟ್ಟು ಮೆಲ್ಲಗೆ ಮಾತಾಡಿ."

"ಪ್ಲಾಟ್‌ಫಾರ್ಮಲ್ಲಿ ನಿಂತ ಮೇಲೆ ಅನೌನ್ಸ್ ಆಗ್ಲೇಬೇಕು. ಇಲ್ಲಾಂದ್ರೆ ನಾನು ಮೇಲಿನವರಿಗೆ ಏನಂತ ಹೇಳ್ಲಿ?"

ಅಕ್ಕನಿಗೆ ರಜೆಯಿದ್ದ ದಿನ ಮೈಕು ಅವರ ಕೈಯಲ್ಲೇ ಇರುತ್ತಿತ್ತು. ಒಳಗೆ ಹೋದರು. ನಾವೆಲ್ಲ ಕೈ ಕೈ ಹಿಸುಕಿಕೊಂಡೆವು. ತಲೆಯ ಮೇಲಿನ ಧ್ವನಿವರ್ಧಕ ಕೆಮ್ಮಿತು. "ಪ್ರಯಾಣಿಕರ ಗಮನಕ್ಕೆ ನಾಲ್ಕನೇ ಪ್ಲಾಟ್‌ಫಾರ್ಮಿನಲ್ಲಿ ಬೂದು ಬಣ್ಣದ ವಾಹನವೊಂದು ನಿಂತಿದೆ ಅದು ಯಾವ ಊರಿಗೆ ಹೋಗುತ್ತದೆ ಎಂಬುದು ಗೊತ್ತಿಲ್ಲ ಹೋಗುವವರು ಹೋಗಬಹುದು."

ಒಂದೇ ಉಸಿರಿನಲ್ಲಿ ಹೇಳಿದರು. ಗೊರಕೆ ನಿಂತಿತು. ಎಡಬಾಗಿಲಿನ ಗುಂಡಿಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಬಿಚ್ಚಿಕೊಂಡವು. ಕೆದರಿದ ಕೂದಲಿನ ಅಕ್ಕನ ತಲೆ ಹೊರಗೆ ಬಂತು.

"ಸಾರ್! ‘ನಿಂತಿದೆ’ ಆದ್ಮೇಲೆ ಉಸಿರು ತಗೋಬೇಕು ಅಂತ ನಿಮಗೆ ಎಷ್ಟು ಸಲ ಹೇಳಿದೀನಿ? ಕೇಳೋರು ಚೀಲ ಎತ್ಕೋಬೇಕೋ ಬೇಡ್ವೋ?"

ಬೈದಾದ ಮೇಲೆ ತಾನು ಎಲ್ಲಿದ್ದೇನೆಂದು ನೋಡಿದಳು. ಪ್ಲಾಟ್‌ಫಾರ್ಮು, ಸಾಲು, ಅಜ್ಜಿ, ಇಡೀ ಬೀದಿ, ಕೊಂಡಿ ಹಿಡಿದ ನಾನು. "ಈಗೆಷ್ಟು ಗಂಟೆ?" ಎಂದಳು.

"ಐದೂ ಕಾಲು."

"ನಾನು ಮಲಗಿದ್ದು ಎರಡು ಗಂಟೆಗಲ್ವೇನೋ?"

"ಹೌದು."

ಅವಳು ಬೆರಳು ಮಡಚಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. "ಮೂರು ಗಂಟೆ ಹೊತ್ತು ಮಲಗಿದ್ನಾ?" ಎಂದಳು. ಅದು ಮೈಕಿನ ದನಿಯಾಗಿರಲಿಲ್ಲ, ಮನೆಯ ದನಿಯೂ ಆಗಿರಲಿಲ್ಲ. ಚಿಕ್ಕಂದಿನಲ್ಲಿ ಬಹುಮಾನ ಬಂದಾಗ ಹೀಗೆ ಕೇಳುತ್ತಿದ್ದಳು. ಇಸ್ತ್ರಿಯಾಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಭಾವ ಇನ್ನೂ ಒಳಗೆ ತುಳಿಯುತ್ತಲೇ ಇದ್ದರು. ಗಾಡಿ ಪ್ಲಾಟ್‌ಫಾರ್ಮಿನ ಅಂಚಿಗೆ ಮೆಲ್ಲಗೆ ಮುಟ್ಟಿ ಮುಟ್ಟಿ ಬರುತ್ತಿತ್ತು.

ಎರಡು ವಾರದ ನಂತರ ಕೆರೆಗೆ ಹೊರಟೆವು. ವೆಲ್ಡರ್ ನಾಲ್ಕು ಕಾಲನ್ನೂ ರಬ್ಬರಿನ ಪಾದ ಸಮೇತ ಕೂರಿಸಿಕೊಟ್ಟಿದ್ದ. ಈಗ ಎಷ್ಟು ತುಳಿದರೂ ಗಾಡಿ ನಿಂತಲ್ಲೇ ತೂಗುತ್ತದೆ, ಜರುಗುವುದಿಲ್ಲ. ಎಳೆಯುವುದಕ್ಕೆ ನನ್ನ ಹಳೆಯ ಕಾರು. ಬೆಳಿಗ್ಗೆ ಐದಕ್ಕೆ ಹೊರಟು ಹನ್ನೊಂದಕ್ಕೆ ತಲುಪಿದೆವು. ಅಕ್ಕ ದಡಕ್ಕೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ನೀರು ವಿಶಾಲವಾಗಿತ್ತು. ಬಿಳಿಯ ಹಕ್ಕಿಗಳು ಒಂಟಿ ಕಾಲಿನಲ್ಲಿ ನಿಂತಿದ್ದವು. ಭಾವ ಹಿಂದಿನ ಮುಚ್ಚಳ ಎತ್ತಿ ಚಹಾಕ್ಕಿಟ್ಟರು. ಚಹಾ ಕುದಿಯುವುದರೊಳಗೆ ಅಕ್ಕ ವಾಪಸು ಬಂದಳು.

"ನೋಡಿದ್ಯಾ?" ಎಂದರು ಭಾವ.

"ನೋಡಿದೆ. ಚೆನ್ನಾಗಿದೆ. ನೀರಿದೆ."

"ಹಕ್ಕಿ?"

"ಹಕ್ಕೀನೂ ಇದೆ." ಬಟ್ಟಲು ತೆಗೆದುಕೊಂಡು ಒಂದು ಗುಟುಕು ಕುಡಿದಳು. "ಇಲ್ಲಿ ಇನ್ನೇನಾದ್ರೂ ಆಗತ್ತಾ?"

ಏನೂ ಆಗಲಿಲ್ಲ. ಇಪ್ಪತ್ತಾರು ವರ್ಷ ಕಾದ ಕೆರೆ ಕಾಲು ಗಂಟೆಯಲ್ಲಿ ಮುಗಿದುಹೋಯಿತು. ಭಾವನ ಮುಖ ಸಣ್ಣದಾಯಿತು. ಅಕ್ಕ ಅದನ್ನು ಕಂಡು, ಗಾಡಿಯೊಳಗೆ ಹೋಗಿ ಊಟದವರೆಗೆ ಮಲಗಿದಳು, ಊಟವಾದ ಮೇಲೆ ಮತ್ತೆ ಸಂಜೆಯವರೆಗೆ ಮಲಗಿದಳು. ಎದ್ದು, "ನಿದ್ದೆ ಮಾತ್ರ ಬಂಗಾರದಂಥದ್ದು ರೀ" ಎಂದಳು. ಎರಡನೆಯ ದಿನ ಬೆಳಿಗ್ಗೆಯೇ ಗಂಟುಮೂಟೆ ಕಟ್ಟಿದೆವು.

ಅರ್ಧ ದಾರಿಯಲ್ಲಿ ಕಾರಿನ ನೀರು ಕಾದು ಕುದಿಯಿತು. ಗೊತ್ತಿಲ್ಲದ ಒಂದು ಊರಿನಲ್ಲಿ ನಿಲ್ಲಿಸಬೇಕಾಯಿತು. ಎದುರಿಗೆ ಅಲ್ಲಿಯ ಬಸ್ ನಿಲ್ದಾಣ. ನಾನು ಬಾನೆಟ್ಟು ಎತ್ತುತ್ತಿದ್ದೆ, ಭಾವ ನೀರು ತರಲು ಹೊರಟಿದ್ದರು. ಆಗ ನಿಲ್ದಾಣದೊಳಗಿನಿಂದ ಒಂದು ಹೆಣ್ಣುದನಿ ಕೇಳಿಸಿತು. "ಪ್ರಯಾಣಿಕರ ಗಮನಕ್ಕೆ." ಆಮೇಲೆ ಸ್ವಲ್ಪ ಬಿಡುವು. ಆಮೇಲೆ ಮುಂದಿನ ಮಾತು.

ಅಕ್ಕ ಕಾರಿನ ಬಾಗಿಲು ಹಿಡಿದು ಹಾಗೇ ನಿಂತುಬಿಟ್ಟಳು.

"ಏನಾಯ್ತೇ?" ಎಂದೆವು.

"ಸುಮ್ನಿರಿ. ಕೇಳಿ. ಊರಿನ ಹೆಸರಿಗೆ ಮೊದ್ಲು ಎಷ್ಟು ಹೊತ್ತು ಬಿಟ್ಲು ನೋಡಿದ್ರಾ? ಅಬ್ಬ! ನನಗೆ ಅಷ್ಟು ಹೊತ್ತು ಕಾಯೋ ಧೈರ್ಯವೇ ಬಂದಿರ್ಲಿಲ್ಲ."

ಚಪ್ಪಲಿ ಸರಿಯಾಗಿ ಮೆಟ್ಟಿಕೊಳ್ಳದೆ ರಸ್ತೆ ದಾಟಿ ಒಳಗೆ ನಡೆದಳು. ಕಾರು ತಣ್ಣಗಾಯಿತು, ನಾವು ತಣ್ಣಗಾದೆವು, ಅಕ್ಕ ಬರಲಿಲ್ಲ. ಭಾವ ನಿಲ್ದಾಣದ ಬೆಂಚಿನ ಮೇಲೆ ಕೂತು ಹೋಗುವವರ ಬರುವವರ ಭುಜ ನೋಡತೊಡಗಿದರು. "ಈ ಊರಿನಲ್ಲಿ ಕಾಲರ್ ಕೂರಿಸೋದು ಬೇರೆ ಥರ ಮೇಷ್ಟ್ರೇ" ಎಂದು ಎರಡು ಸಲ ಹೇಳಿದರು. ಅವರ ಮುಖ ಮತ್ತೆ ಮೊದಲಿನ ಅಳತೆಗೆ ಬಂದಿತ್ತು. ಮೂರು ಗಂಟೆಯ ನಂತರ ಧ್ವನಿವರ್ಧಕದಲ್ಲಿ ಬೇರೊಂದು ದನಿ ಬಂತು. ಅದು ಅಕ್ಕನದು. ಎಂದೂ ಕೇಳಿರದ ಯಾವುದೋ ಹಳ್ಳಿಯ ಬಸ್ಸನ್ನು ಎರಡನೆಯ ಪ್ಲಾಟ್‌ಫಾರ್ಮಿನಿಂದ ಹೊರಡಿಸುತ್ತಿದ್ದಳು. ಹೆಸರಿಗೆ ಮೊದಲು ನಿಲ್ಲಿಸಿದಳು. ಉದ್ದಕ್ಕೆ ನಿಲ್ಲಿಸಿದಳು. ಭಾವ ನನ್ನ ಮೊಣಕೈ ಹಿಡಿದರು. ಆಮೇಲೆ ಹೆಸರು ಬಂತು, ಪ್ಲಾಟ್‌ಫಾರ್ಮಿನಲ್ಲಿದ್ದ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಚೀಲ ಎತ್ತಿಕೊಂಡು ಹೊರಟರು.

ಅವತ್ತು ರಾತ್ರಿ ಅಲ್ಲೇ ನಿಲ್ದಾಣದ ಹಿಂದಿನ ಮೈದಾನದಲ್ಲಿ ಗಾಡಿ ನಿಲ್ಲಿಸಿ ಉಳಿದರು. ನಾನು ಕಾರಿನಲ್ಲಿ ಮಲಗಿದೆ, ಮಾರನೆಯ ದಿನ ಶಾಲೆಗೆ ರಜೆ ಹಾಕಿದೆ. ಅಂದಿನಿಂದ ಅವರ ಪ್ರವಾಸಗಳ ಬಗೆಯೇ ಬದಲಾಯಿತು. ಬೆಟ್ಟ, ಸಮುದ್ರ, ಕೋಟೆ ಯಾವುದೂ ಬೇಡ. ರಜೆ ಸಿಕ್ಕರೆ ಬಸ್ ನಿಲ್ದಾಣ. ಇಲ್ಲಿಯವರೆಗೆ ಹದಿನಾಲ್ಕು ನೋಡಿದ್ದಾರೆ. ಅಕ್ಕನ ಹತ್ತಿರ ಒಂದು ಪುಸ್ತಕವಿದೆ, ಅದರಲ್ಲಿ ಯಾವ ಊರಿನ ದನಿ ಹೇಗೆ ಎಂದು ಬರೆದಿದ್ದಾಳೆ. ಭಾವನ ಹತ್ತಿರ ಇನ್ನೊಂದು ಪುಸ್ತಕವಿದೆ, ಅದರಲ್ಲಿ ಕಾಲರುಗಳ ಚಿತ್ರ. ಚಿತ್ರ ಬರೆದುಕೊಟ್ಟವನು ನಾನು.

ಮುಂದಿನ ತಿಂಗಳು ಉತ್ತರದ ಕಡೆಯ ಒಂದು ದೊಡ್ಡ ನಿಲ್ದಾಣಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ಅಲ್ಲಿ ಮೈಕಿನಲ್ಲಿ ಮಾತಾಡುವವರು ಒಬ್ಬ ಗಂಡಸಂತೆ, ಊರಿನ ಹೆಸರನ್ನು ರಾಗವಾಗಿ ಎಳೆಯುತ್ತಾರಂತೆ. ಅದು ಸರಿಯೋ ತಪ್ಪೋ ಎಂದು ಅಕ್ಕನಿಗೆ ಕಿವಿಯಾರೆ ಕೇಳಿ ತೀರ್ಮಾನಿಸಬೇಕಾಗಿದೆ. ಇಸ್ತ್ರಿಯಾಕೆ ತಾನೂ ಬರುತ್ತೇನೆ ಎನ್ನುತ್ತಿದ್ದಾಳೆ. ನಾನು ಕಾರಿಗೆ ಹೊಸ ಟೈರು ಹಾಕಿಸಿದ್ದೇನೆ.